ಸಣ್ಣ ಎಸ್‌ಯುವಿ: ಹೊಸದು ತಗೊಳ್ಳೋದಾ, ಸೆಕೆಂಡ್ ಹ್ಯಾಂಡಾ? ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದವರಿಗೆ ಪೂರ್ತಿ ಲೆಕ್ಕ

ಬೆಂಗಳೂರು: ಹಬ್ಬ ಹತ್ತಿರ ಬಂತು ಅಂದ್ರೆ ಮನೆಯಲ್ಲಿ ಕಾರಿನ ಮಾತು ಶುರುವಾಗುತ್ತೆ. ಹಳೇ ಆಲ್ಟೋನೋ ಸ್ಯಾಂಟ್ರೋನೋ ಕೊಟ್ಟು ಸ್ವಲ್ಪ ಎತ್ತರದ ಗಾಡಿ ತಗೊಳ್ಳೋಣ ಅಂತ ಮಗ ಹೇಳ್ತಾನೆ. ಮಂಡಿನೋವಿನ ಅಮ್ಮನಿಗೆ ಹತ್ತಿ ಇಳಿಯೋಕೆ ಸುಲಭ, ಹಂಪ್ ಮೇಲೆ ತಳ ಉಜ್ಜಲ್ಲ. ಅಲ್ಲಿವರೆಗೂ ಎಲ್ಲರೂ ಒಪ್ತಾರೆ. ಹೊಸದೋ ಹಳೆಯದೋ ಅನ್ನುವಾಗ ಮಾತ್ರ ಮನೆ ಎರಡು ಪಕ್ಷ ಆಗುತ್ತೆ.

ಎಂಟು ಹತ್ತು ಲಕ್ಷ ಅಂದ್ರೆ ಬಹಳ ಮನೆಗಳಲ್ಲಿ ವರ್ಷಗಟ್ಟಲೆ ಕೂಡಿಟ್ಟ ಹಣ. ಅದಕ್ಕೆ ಜಾಹೀರಾತು ನೋಡಿ ತೀರ್ಮಾನ ಮಾಡದೆ ಒಂದು ಸಲ ಪೆನ್ನು ಕಾಗದ ಹಿಡಿದು ಕೂರುವುದು ಒಳ್ಳೆಯದು. ನಮ್ಮ ಕಡೆಯವರಿಗೆ ಬೇಕಾದ ವಿಷಯಗಳನ್ನು ಇಲ್ಲಿ ಒಟ್ಟಿಗೆ ಕೊಟ್ಟಿದ್ದೇವೆ.

ಮೊದಲು ಗೇಟು ಅಳೆಯಿರಿ

ಚಾಮರಾಜಪೇಟೆ ಶುರುವಾಗಿದ್ದು 1892ರಲ್ಲಿ. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು 1898ರ ಪ್ಲೇಗ್ ಕಾಲದವು. ಆಗ ಯಾರೂ ಕಾರು ನಿಲ್ಲಿಸುವ ಯೋಚನೆ ಇಟ್ಟುಕೊಂಡು ಕಾಂಪೌಂಡು ಕಟ್ಟಲಿಲ್ಲ. ಹಾಗಾಗಿ ಶೋರೂಮಿಗೆ ಹೋಗುವ ಮುಂಚೆ ಟೇಪ್ ಹಿಡಿದು ಗೇಟಿನ ಅಗಲ, ಒಳಗಿನ ಉದ್ದ ಅಳೆದಿಟ್ಟುಕೊಳ್ಳಿ.

ಈ ವರ್ಗದ ಕಾರುಗಳೆಲ್ಲ 4 ಮೀಟರ್ ಉದ್ದದೊಳಗೇ ಇರುತ್ತವೆ. ವ್ಯತ್ಯಾಸ ಇರೋದು ಅಗಲದಲ್ಲಿ. ಹ್ಯುಂಡೈ ಎಕ್ಸ್‌ಟರ್ 1710 ಮಿ.ಮೀ., ಟಾಟಾ ಪಂಚ್ 1742, ಮಾರುತಿ ಬ್ರೆಝಾ 1790, ಟಾಟಾ ನೆಕ್ಸಾನ್ 1804. ಎಕ್ಸ್‌ಟರ್‌ಗೂ ನೆಕ್ಸಾನ್‌ಗೂ ಸುಮಾರು ಮೂರೂಮುಕ್ಕಾಲು ಇಂಚು ಅಂತರ. ಇದರಲ್ಲಿ ಪಕ್ಕದ ಕನ್ನಡಿಗಳ ಅಳತೆ ಸೇರಿಲ್ಲ. ಗೇಟಿನೊಳಗೆ ನುಗ್ಗಿದ ಮೇಲೆ ಬಾಗಿಲು ತೆಗೆದು ಇಳಿಯೋಕೂ ಜಾಗ ಬೇಕಲ್ಲ!

ಗೇಟಿನೊಳಗೆ ಹಿಡಿಯದಿದ್ದರೆ ಕಾರು ರಸ್ತೆಯಲ್ಲೇ, ಮರದ ಕೆಳಗೇ ನಿಲ್ಲಬೇಕು. ಏಪ್ರಿಲ್, ಮೇ ತಿಂಗಳ ಗಾಳಿಮಳೆಗೆ ನಮ್ಮ ರಸ್ತೆಗಳಲ್ಲಿ ಕೊಂಬೆ ಬೀಳೋದು ಹೊಸದಲ್ಲ. ಬರೀ ಥರ್ಡ್ ಪಾರ್ಟಿ ವಿಮೆ ಇದ್ದರೆ ಒಂದು ರೂಪಾಯಿಯೂ ಬರಲ್ಲ. ಹಳೆ ಕಾರಾದರೂ ಪೂರ್ತಿ ವಿಮೆ ಮಾಡಿಸುವ ಖರ್ಚನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಹೊಸ ಕಾರಿನ ಲೆಕ್ಕ

2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 18ಕ್ಕೆ ಇಳಿದಿದೆ. ಉದ್ದ 4 ಮೀಟರ್ ದಾಟಬಾರದು, ಜೊತೆಗೆ ಪೆಟ್ರೋಲ್ ಎಂಜಿನ್ 1200 ಸಿಸಿ, ಡೀಸೆಲ್ ಎಂಜಿನ್ 1500 ಸಿಸಿ ಒಳಗಿರಬೇಕು. ಮುಂಚೆ ಇಂಥ ಪೆಟ್ರೋಲ್ ಕಾರಿಗೆ ಸೆಸ್ ಸೇರಿ ಶೇ 29, ಡೀಸೆಲ್‌ಗೆ ಶೇ 31 ಇತ್ತು. ಪಂಚ್, ಎಕ್ಸ್‌ಟರ್, ನೆಕ್ಸಾನ್, ಫ್ರಾಂಕ್ಸ್ ಈ ಲೆಕ್ಕಕ್ಕೆ ಬರುತ್ತವೆ. ಬ್ರೆಝಾ ಉದ್ದದಲ್ಲಿ ಸಣ್ಣದಾದರೂ ಅದರ ಪೆಟ್ರೋಲ್ ಎಂಜಿನ್ 1462 ಸಿಸಿ, ಹಾಗಾಗಿ ಅದಕ್ಕೆ ಶೇ 40.

ಆದರೆ ಕರ್ನಾಟಕದ ರಸ್ತೆ ತೆರಿಗೆ ದೇಶದಲ್ಲೇ ಜಾಸ್ತಿ ಇರುವ ಕಡೆಗಳಲ್ಲೊಂದು. ಪೆಟ್ರೋಲ್, ಡೀಸೆಲ್ ಕಾರಿಗೆ 5 ಲಕ್ಷದವರೆಗೆ ಶೇ 13, 5ರಿಂದ 10 ಲಕ್ಷಕ್ಕೆ ಶೇ 14, 10ರಿಂದ 20 ಲಕ್ಷಕ್ಕೆ ಶೇ 17. ಅದರ ಮೇಲೆ ಸೆಸ್ ಬೇರೆ. 8 ಲಕ್ಷದ ಕಾರಿಗೆ ಜೀವಾವಧಿ ತೆರಿಗೆಯೇ 1.12 ಲಕ್ಷ. ಸೆಸ್, ವಿಮೆ, ನೋಂದಣಿ ಸೇರಿದರೆ ರಸ್ತೆಗೆ ಬರುವಾಗ ಒಂಬತ್ತೂವರೆ ಲಕ್ಷದ ಆಸುಪಾಸು.

ಶೋರೂಮಿನ ಬಿಲ್ಲಿನಲ್ಲಿ ಎರಡು ಸಾಲು ಗಮನಿಸಿ. ಒಂದು, "ಹ್ಯಾಂಡ್ಲಿಂಗ್ ಚಾರ್ಜ್", "ಎಸೆನ್ಷಿಯಲ್ ಕಿಟ್" ಅಂತ ಸೇರಿಸುವ ಹಣ. ಬೇಡ ಅನ್ನಿ, ತೆಗೆಸಬಹುದು. ಎರಡು, ವಿಮೆ. ಅವರ ಹತ್ತಿರವೇ ಮಾಡಿಸಬೇಕು ಅನ್ನೋ ಕಾನೂನಿಲ್ಲ. ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ಅದನ್ನು ಹೊರಗೂ ವಿಚಾರಿಸಿ ಹೋಲಿಸಿ. ಕಾರಿನ ಬೆಲೆ 10 ಲಕ್ಷ ದಾಟಿದರೆ ಶೇ 1 ಟಿಸಿಎಸ್ ಹಿಡಿಯುತ್ತಾರೆ. ಆ ಹಣ ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ನಿಮ್ಮ ಲೆಕ್ಕಕ್ಕೆ ಬರುತ್ತೆ, ಆಡಿಟರ್‌ಗೆ ಹೇಳಲು ಮರೆಯಬೇಡಿ.

ಸೆಕೆಂಡ್ ಹ್ಯಾಂಡ್ ಕಾರಿನ ಲೆಕ್ಕ

ಹಳೆ ಕಾರಿನ ದೊಡ್ಡ ಲಾಭ ಅಂದ್ರೆ, ಮೊದಲ ಮಾಲೀಕ ಕಟ್ಟಿದ ಜೀವಾವಧಿ ತೆರಿಗೆ ಕಾರಿನ ಜೊತೆಗೇ ಬರುತ್ತೆ. ಕೆಎ ನಂಬರಿನ ಕಾರು ಇಲ್ಲೇ ಕೈ ಬದಲಾದರೆ ಅದನ್ನು ಮತ್ತೆ ಕಟ್ಟಬೇಕಾಗಿಲ್ಲ.

ಬೆಲೆ ಎಷ್ಟು ಕೊಡಬಹುದು ಅನ್ನೋದಕ್ಕೆ ವಿಮಾ ಕಂಪನಿಗಳ ಸವಕಳಿ ಪಟ್ಟಿ ಒಂದು ಒಳ್ಳೆ ಆಧಾರ. 1ರಿಂದ 2 ವರ್ಷದ ಕಾರಿಗೆ ಶೇ 20, 2ರಿಂದ 3ಕ್ಕೆ ಶೇ 30, 3ರಿಂದ 4ಕ್ಕೆ ಶೇ 40, 4ರಿಂದ 5ಕ್ಕೆ ಶೇ 50 ಕಳೆಯುತ್ತಾರೆ. ಪೇಟೆಯಲ್ಲಿ ಕೇಳುವ ಬೆಲೆ ಸಾಮಾನ್ಯವಾಗಿ ಇದಕ್ಕಿಂತ ಮೇಲಿರುತ್ತೆ. ಆದರೂ ಚೌಕಾಸಿ ಎಲ್ಲಿಂದ ಶುರು ಮಾಡಬೇಕು ಅನ್ನೋದು ಗೊತ್ತಾಗುತ್ತೆ.

ಇಲ್ಲೊಂದು ಸೂಕ್ಷ್ಮ ಇದೆ. "ನಾನು 2024ರಲ್ಲಿ 8.75 ಲಕ್ಷ ಕೊಟ್ಟಿದ್ದೀನಿ ಸಾರ್" ಅಂತ ಮಾರುವವರು ಹೇಳ್ತಾರೆ. ಅದು ನಿಜವೇ ಇರಬಹುದು. ಆದರೆ ತೆರಿಗೆ ಶೇ 29ರಿಂದ 18ಕ್ಕೆ ಇಳಿದ ಮೇಲೆ, ಕಂಪನಿ ತನ್ನ ಬೆಲೆ ಏರಿಸದಿದ್ದರೆ, ಅದೇ ಹೊಸ ಕಾರು ಈಗ ಸುಮಾರು 8 ಲಕ್ಷ. ಸವಕಳಿಯನ್ನು ಇವತ್ತಿನ ಹೊಸ ಬೆಲೆಯಿಂದ ಕಳೆಯಿರಿ, ಅವರು ಅಂದು ಕೊಟ್ಟ ಬೆಲೆಯಿಂದ ಅಲ್ಲ. ಒಂದು, ಒಂದೂವರೆ ವರ್ಷದ ಕಾರಿಗೆ ಈಗ ಹೆಚ್ಚು ಬೆಲೆ ಕೇಳಿದರೆ ಹೊಸದೇ ವಾಸಿ. ಲಾಭ ಇರೋದು 3ರಿಂದ 5 ವರ್ಷದ ಕಾರಿನಲ್ಲಿ.

ಹಳೆ ಕಾರು ಕೊಂಡ ಮೊದಲ ತಿಂಗಳಲ್ಲೇ ಟೈರು, ಬ್ಯಾಟರಿ, ಸರ್ವಿಸ್, ವಿಮೆ, ಹೆಸರು ಬದಲಾವಣೆಗೆ ಒಂದಷ್ಟು ಖರ್ಚು ಬಂದೇ ಬರುತ್ತೆ. 50ರಿಂದ 70 ಸಾವಿರ ಕೈಯಲ್ಲಿ ಇಟ್ಟುಕೊಂಡು ಮುಂದುವರಿಯಿರಿ.

ಸಾಲ ಮಾಡುವವರು ಇದನ್ನು ನೋಡಿ

ಹಳೆ ಕಾರಿನ ಸಾಲಕ್ಕೆ ಬಡ್ಡಿ ಜಾಸ್ತಿ, ಅವಧಿ ಕಡಿಮೆ. ಉದಾಹರಣೆಗೆ ಹೊಸ ಕಾರಿಗೆ 7 ಲಕ್ಷ ಸಾಲ, ಶೇ 9 ಬಡ್ಡಿ, 5 ವರ್ಷ ಅಂದುಕೊಳ್ಳಿ. ತಿಂಗಳ ಕಂತು ಸುಮಾರು 14,530, ಒಟ್ಟು ಬಡ್ಡಿ ಸುಮಾರು 1.72 ಲಕ್ಷ. ಹಳೆ ಕಾರಿಗೆ 4 ಲಕ್ಷ ಸಾಲ, ಶೇ 14 ಬಡ್ಡಿ, 4 ವರ್ಷ ಆದರೆ ಕಂತು ಸುಮಾರು 10,930, ಬಡ್ಡಿ 1.25 ಲಕ್ಷ. ಸಾಲ 3 ಲಕ್ಷ ಕಡಿಮೆಯಾದರೂ ಬಡ್ಡಿಯಲ್ಲಿ ಉಳಿದಿದ್ದು 47 ಸಾವಿರ ಮಾತ್ರ. ಹಾಗಾಗಿ ಹಳೆ ಕಾರನ್ನು ಆದಷ್ಟು ಕೈಯಲ್ಲಿರುವ ದುಡ್ಡಿನಲ್ಲೇ ಕೊಳ್ಳಿ.

ಯಾವ ವರ್ಷದ ಕಾರು?

* 2020ರ ಏಪ್ರಿಲ್ 1ರಿಂದ ಬಿಎಸ್-6 ಜಾರಿ. ಅದಕ್ಕಿಂತ ಹಳೆಯದು ಬಿಎಸ್-4.
* ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ ಎಲ್ಲ ಕಾರಿಗೂ ಕಡ್ಡಾಯ ಆಗಿದ್ದು 2021ರ ಕೊನೆಗೆ. ಅದಕ್ಕೂ ಹಿಂದಿನ ಕೆಳಗಿನ ಮಾಡೆಲ್ ಆದರೆ ಎಷ್ಟು ಏರ್‌ಬ್ಯಾಗ್ ಇದೆ ಅಂತ ಕೇಳಿ ನೋಡಿ.
* ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್. ಅದಕ್ಕೆ ತಕ್ಕ ಭಾಗಗಳಿರುವ ಕಾರು ಸಾಮಾನ್ಯವಾಗಿ ಬಂದಿದ್ದು 2023ರ ಏಪ್ರಿಲ್ ನಂತರ.
* ಫೋರ್ಡ್ ಇಕೋಸ್ಪೋರ್ಟ್ ಕಡಿಮೆ ಬೆಲೆಗೆ ಸಿಗುತ್ತೆ, ಓಡಿಸೋಕೂ ಚೆನ್ನ. ಆದರೆ ಕಂಪನಿ 2021ರಲ್ಲಿ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಬಿಡಿಭಾಗ ಎಷ್ಟು ಬೇಗ ಸಿಗುತ್ತೆ ಅಂತ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ ಆಮೇಲೆ ಮುಂದುವರಿಯಿರಿ.
* ಬಿಎಸ್-6 ಡೀಸೆಲ್ ಕಾರು ಗಾಂಧಿ ಬಜಾರಿಗೂ ಸಂಪಿಗೆ ರಸ್ತೆಗೂ ದಿನಾ ಎರಡು ಮೂರು ಕಿಲೋಮೀಟರ್ ಓಡಿಸೋಕೆ ಅಲ್ಲ. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಆಗಾಗ ಹೈವೇಯಲ್ಲಿ ಬಿಸಿಯಾಗಿ ಸುಡಬೇಕು. ಇಲ್ಲದಿದ್ದರೆ ಕಟ್ಟಿಕೊಳ್ಳುತ್ತೆ, ರಿಪೇರಿ ದುಬಾರಿ.

ನೋಡಲು ಹೋದಾಗ

ಬೆಳಗ್ಗೆ, ಎಂಜಿನ್ ತಣ್ಣಗಿರುವಾಗ, ಬಿಸಿಲಿನಲ್ಲಿ ನೋಡಿ. ಪರಿಚಯದ ಮೆಕ್ಯಾನಿಕ್‌ಗೆ ಸಾವಿರ, ಎರಡು ಸಾವಿರ ಕೊಟ್ಟಾದರೂ ಜೊತೆಗೆ ಕರೆದುಕೊಂಡು ಹೋಗಿ.

* ನೀರು: 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆ ಕಡೆ ಕಾರುಗಳು ಮುಳುಗಿದ್ದು ನೆನಪಿರಬೇಕು. ಸೀಟ್ ಬೆಲ್ಟನ್ನು ಕೊನೆವರೆಗೂ ಎಳೆದು ಮಣ್ಣಿನ ಕಲೆ ನೋಡಿ. ಕಾರ್ಪೆಟ್ ಎತ್ತಿ ಮೂಸಿ. ಸೀಟಿನ ಕೆಳಗಿನ ಹಳಿಯಲ್ಲಿ ತುಕ್ಕಿದ್ದರೆ ಬಿಟ್ಟುಬಿಡಿ.
* ಹೆಗ್ಗಣ: ನಮ್ಮ ಹಳೇ ಬೀದಿಗಳಲ್ಲಿ ನಿಂತ ಕಾರಿಗೆ ಇದೇ ಶತ್ರು. ಬಾನೆಟ್ ಎತ್ತಿ ಕಚ್ಚಿದ ವೈರು, ಟೇಪ್ ಸುತ್ತಿದ ಜಾಗ ಹುಡುಕಿ.
* ಟೈರು: ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2319 ಅಂದ್ರೆ 2019ರ 23ನೇ ವಾರದ್ದು. ಹಿರಿಯರು ವರ್ಷಕ್ಕೆ ಮೂರು ಸಾವಿರ ಕಿ.ಮೀ. ಓಡಿಸಿದ ಕಾರು ನಮ್ಮ ಕಡೆ ಸಿಗುತ್ತೆ, ಅಂಥದ್ದರಲ್ಲಿ ಗೀರು ತುಂಬಿರುತ್ತೆ, ರಬ್ಬರ್ ಮಾತ್ರ ಮುದಿಯಾಗಿರುತ್ತೆ.
* ಮೀಟರ್: ನಂಬರ್ ಹೇಳಿ ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ಹಿಂದಿನ ಸರ್ವಿಸ್ ದಾಖಲೆ ತೋರಿಸಲು ಮಾಲೀಕರನ್ನೇ ಕೇಳಿ. 30 ಸಾವಿರ ಓಡಿದ ಕಾರಿನ ಪೆಡಲ್ ರಬ್ಬರ್ ಸವೆದಿರಬಾರದು.
* ಏರು: ಮಲ್ಲೇಶ್ವರದ ಯಾವುದಾದರೂ ಏರಿನ ಅಡ್ಡರಸ್ತೆಯಲ್ಲಿ ನಿಲ್ಲಿಸಿ ಹೊರಡಿಸಿ. ಕ್ಲಚ್ ವಾಸನೆ ಬಂದರೆ, ಎಎಂಟಿ ಗೇರು ಜೋರಾಗಿ ಕುಲುಕಿದರೆ ಬೆಲೆ ಇಳಿಸಿ, ಇಲ್ಲ ಬಿಡಿ.

ಕಾಗದ ಪತ್ರ: ಇಲ್ಲಿ ಎಡವಿದರೆ ಕಷ್ಟ

ಹಣ ಕೊಡುವ ಮುಂಚೆ ಪರಿವಾಹನ್ ತಾಣದಲ್ಲಿ ಅಥವಾ ಎಂಪರಿವಾಹನ್ ಆಪ್‌ನಲ್ಲಿ ಕಾರಿನ ನಂಬರ್ ಹಾಕಿ. ಮಾಲೀಕರ ಸರಣಿ, ವಿಮೆ, ಸಾಲ ಬಾಕಿ ಎಲ್ಲಾ ಗೊತ್ತಾಗುತ್ತೆ. ಸಾಲವಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಬೇಕು. ಸಂಚಾರ ದಂಡ ಬಾಕಿಯನ್ನು ಬೆಂಗಳೂರು ಒನ್‌ನಲ್ಲಿ ವಿಚಾರಿಸಿ, ಮಾರುವವರಿಂದಲೇ ಕಟ್ಟಿಸಿ. ಎಚ್‌ಎಸ್‌ಆರ್‌ಪಿ ಫಲಕ ಇದೆಯಾ ನೋಡಿ.

ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಮಾರುವವರ ನೋ ಕ್ಲೇಮ್ ಬೋನಸ್ ನಿಮಗೆ ಬರಲ್ಲ. ನಿಮ್ಮ ಹಳೆ ಕಾರಿನ ಬೋನಸ್ ಇದ್ದರೆ ಅದನ್ನು ತೆಗೆದುಕೊಂಡು ಬರಬಹುದು. ಅವರ ಫಾಸ್ಟ್‌ಟ್ಯಾಗ್ ಮುಚ್ಚಿಸಿ, ಹೊಸದು ಮಾಡಿಸಿ.

ಇದೇ ಮಾತು ನಿಮ್ಮ ಹಳೆ ಕಾರು ಕೊಡುವಾಗಲೂ ನಿಜ. "ಸಹಿ ಹಾಕಿ ಕೊಡಿ ಸಾರ್, ನಾವೇ ಮಾಡಿಸ್ಕೋತೀವಿ" ಅಂದ್ರೆ ಅಲ್ಲಿಗೆ ಬಿಡಬೇಡಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತ ಪರಿಹಾರಕ್ಕೆ ಅವರೇ ಹೊಣೆ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಕಾರು ನಾಲ್ಕು ಕೈ ಬದಲಾಗಿ ಎಲ್ಲೋ ಅಪಘಾತವಾದರೂ ನೋಟಿಸ್ ನಿಮ್ಮ ಮನೆ ಬಾಗಿಲಿಗೇ ಬರುತ್ತೆ. ಹೆಸರು ಬದಲಾದ ಆರ್‌ಸಿಯ ಪ್ರತಿ ಕೈಗೆ ಬರುವವರೆಗೂ ಬೆನ್ನು ಬಿಡಬೇಡಿ.

ದೆಹಲಿ ಕಾರು ಅಗ್ಗ ಅಂತೆ, ಹೌದಾ?

ದೆಹಲಿಯ ಹಳೆ ಡೀಸೆಲ್ ಕಾರು ಅಗ್ಗಕ್ಕೆ ಸಿಗುತ್ತೆ ಅಂತ ಮಧ್ಯವರ್ತಿಗಳು ತೋರಿಸ್ತಾರೆ. ಇಲ್ಲಿ 12 ತಿಂಗಳು ಮೀರಿ ಇಟ್ಟುಕೊಂಡರೆ ಕೆಎ ನಂಬರ್ ಮಾಡಿಸಲೇಬೇಕು. ಅದಕ್ಕೆ ಅಲ್ಲಿನ ಆರ್‌ಟಿಒದ ಎನ್‌ಒಸಿ, ಅಂದರೆ ಫಾರಂ 28 ಬೇಕು. ಕಾರಿನ ವಯಸ್ಸಿಗೆ ತಕ್ಕಂತೆ ಕರ್ನಾಟಕದ ಜೀವಾವಧಿ ತೆರಿಗೆಯನ್ನೂ ಕಟ್ಟಬೇಕು. ಇದೆಲ್ಲ ಕೂಡಿಸಿ ನೋಡಿದರೆ ಅಗ್ಗ ಅನ್ನೋದು ಎಷ್ಟೋ ಸಲ ಉಳಿಯಲ್ಲ. ಎನ್‌ಒಸಿ ಕೈಗೆ ಬಾರದೆ ಪೂರ್ತಿ ಹಣ ಕೊಡಬೇಡಿ.

ಅಂಗಡಿ ಇಟ್ಟುಕೊಂಡವರಿಗೆ

ಅಂಗಡಿ ಹೆಸರಲ್ಲಿ ಕಾರು ತಗೊಂಡರೆ ಜಿಎಸ್‌ಟಿ ವಾಪಸ್ ಸಿಗುತ್ತೆ ಅನ್ನೋ ಮಾತು ಸಾಮಾನ್ಯ ವ್ಯಾಪಾರಿಗಳ ಮಟ್ಟಿಗೆ ತಪ್ಪು. ಪ್ರಯಾಣಿಕರ ಕಾರಿಗೆ ಇನ್‌ಪುಟ್ ಕ್ರೆಡಿಟ್ ಇಲ್ಲ. ವ್ಯಾಪಾರಕ್ಕೆ ಬಳಸಿದ ಮಟ್ಟಿಗೆ ಆದಾಯ ತೆರಿಗೆಯಲ್ಲಿ ವರ್ಷಕ್ಕೆ ಶೇ 15 ಸವಕಳಿ ತೋರಿಸಬಹುದು, ಅಷ್ಟೆ. ಬಿಳಿ ಫಲಕದ ಕಾರಿನಲ್ಲಿ ದಿನಾ ಕೆ.ಆರ್. ಮಾರ್ಕೆಟ್‌ನಿಂದ ಸರಕು ತುಂಬಿ ತರೋದೂ ಸರಿಯಲ್ಲ, ಅಪಘಾತವಾದರೆ ವಿಮೆಯವರು ತಕರಾರು ತೆಗೆಯಬಹುದು. ಸರಕಿಗೆ ಬಾಡಿಗೆ ಗೂಡ್ಸ್ ಆಟೋನೇ ಲೇಸು.

ಕೊನೆಗೆ, ಯಾರಿಗೆ ಯಾವುದು?

ವರ್ಷಕ್ಕೆ 5-6 ಸಾವಿರ ಕಿ.ಮೀ. ಒಳಗೆ ಓಡಿಸುವವರು, ದಿನದ ಓಡಾಟಕ್ಕೆ ನ್ಯಾಷನಲ್ ಕಾಲೇಜು, ಕೆ.ಆರ್. ಮಾರುಕಟ್ಟೆ ಅಥವಾ ಸಂಪಿಗೆ ರಸ್ತೆ ಮೆಟ್ರೋ ಹಿಡಿಯುವವರು, ರಸ್ತೆಯಲ್ಲೇ ಕಾರು ನಿಲ್ಲಿಸುವವರು: 3ರಿಂದ 5 ವರ್ಷದ, ಒಬ್ಬರೇ ಮಾಲೀಕರಿದ್ದ, ಕೆಎ ನಂಬರಿನ ಪೆಟ್ರೋಲ್ ಕಾರು ಸಾಕು. ಉಳಿದ ಹಣ ಬ್ಯಾಂಕಿನಲ್ಲಿರಲಿ.

ತಿಂಗಳಿಗೆ ಎರಡು ಸಲ ಊರಿಗೆ ಹೋಗುವವರು, 8-10 ವರ್ಷ ಕಾರು ಬದಲಿಸದೆ ಇಟ್ಟುಕೊಳ್ಳುವವರು, ರಿಪೇರಿಗೆ ಓಡಾಡಲು ಪುರುಸೊತ್ತಿಲ್ಲದವರು: ಹೊಸದನ್ನೇ ತಗೊಳ್ಳಿ. ಮೇಲಿನ ಮಾಡೆಲ್‌ನ ಸನ್‌ರೂಫ್‌ಗೆ ಕೊಡುವ ಹಣವನ್ನು ಸುರಕ್ಷತೆ ಇರುವ ಮಾಡೆಲ್‌ಗೆ ಕೊಡಿ.

ಎರಡರಲ್ಲಿ ಯಾವುದಾದರೂ ಸರಿ, ಅಡ್ವಾನ್ಸ್ ಕೊಡುವ ಮುಂಚೆ ಒಂದು ಸಲ ಟೆಸ್ಟ್ ಡ್ರೈವ್ ಕಾರನ್ನು ನಿಮ್ಮ ಮನೆ ಗೇಟಿನೊಳಗೆ ತಂದು ನಿಲ್ಲಿಸಿ. ಅಮ್ಮನನ್ನು ಹಿಂದಿನ ಸೀಟಿಗೆ ಹತ್ತಿಸಿ ಇಳಿಸಿ. ಅವರು ಏನಂತಾರೆ ಕೇಳಿ.