ಕಣ್ಣಂಬಾಡಿಯ ಹಿನ್ನಡೆ

ಮೂರನೆಯ ಮೈಸೂರು ಯುದ್ಧವೆಂದೊಡನೆ ವಾಚಕರ ನೆನಪಿಗೆ ಬರುವುದು 1792ರ ಶ್ರೀರಂಗಪಟ್ಟಣದ ಸಂಧಿ. ಅದಕ್ಕೆ ಹತ್ತು ತಿಂಗಳ ಮುಂಚೆ ಅದೇ ಪಟ್ಟಣದ ಎದುರಿನಿಂದ ಲಾರ್ಡ್ ಕಾರ್ನ್‌ವಾಲಿಸನು ಬರಿಗೈಯಲ್ಲಿ ಹಿಂದಿರುಗಿದ್ದನು. ಒಂದು ರಾಜ್ಯದ ಛಲವನ್ನು ಲೋಕವು ಹೇಗೆ ಅಳೆಯುತ್ತದೆಂಬುದಕ್ಕೆ ಆ ಹಿನ್ನಡೆ ಒಳ್ಳೆಯ ನಿದರ್ಶನ.

1791ರ ಮಾರ್ಚಿಯಲ್ಲಿ ಬೆಂಗಳೂರನ್ನು ಹಿಡಿದ ಆತನು ಮೇ 15ರಂದು ಅರಕೆರೆಯ ಬಳಿ ಟಿಪ್ಪುವಿನ ಸೇನೆಯನ್ನು ಸೋಲಿಸಿದನು. ಗೆದ್ದವನ ಕಣ್ಣೆದುರಿಗೇ ಕೋಟೆಯಿತ್ತು. ಆದರೆ ಎತ್ತುಗಳಿಗೆ ಮೇವಿಲ್ಲ, ಸಿಪಾಯಿಗಳಿಗೆ ಅಕ್ಕಿಯಿಲ್ಲ. ಸಾಲದೆಂಬಂತೆ ಮಳೆಯೂ ಹಿಡಿಯಿತು. ಸುತ್ತಣ ಸೀಮೆಯನ್ನು ಟಿಪ್ಪು ಮೊದಲೇ ಬರಿದು ಮಾಡಿಸಿದ್ದನು. ಎತ್ತುಗಳು ಸತ್ತ ಮೇಲೆ ಭಾರಿ ಫಿರಂಗಿಗಳನ್ನು ಎಳೆಯುವವರಾರು? ಕಣ್ಣಂಬಾಡಿಯ ಪಾಳೆಯದಲ್ಲಿ ಅವನ್ನು ತಾನೇ ಕೆಡಿಸಿ ಆತನು ಬೆಂಗಳೂರಿನತ್ತ ತಿರುಗಿದನು. (ಆ ಹಳೆಯ ಊರು ಈಗ ಕೃಷ್ಣರಾಜಸಾಗರದ ನೀರಿನಡಿಯಲ್ಲಿದೆ.)

ದಾರಿಯಲ್ಲಿ ಕುದುರೆದಂಡೊಂದು ಕಾಣಿಸಿದಾಗ ಇಂಗ್ಲಿಷರು ಶತ್ರುವೆಂದೇ ಬಗೆದರು. ಬಂದವರು ಹರಿಪಂತ ಫಡಕೆ ಹಾಗೂ ಪರಶುರಾಮಭಾವು ಮುಂದಾಳುಗಳಾಗಿದ್ದ ಮಿತ್ರ ಮರಾಠರು! ಅವರು ಸಮೀಪಿಸಿದ ಸುದ್ದಿಯನ್ನು ಟಿಪ್ಪುವಿನ ಸವಾರರು ಮುಟ್ಟಗೊಟ್ಟಿರಲಿಲ್ಲ. ಕೆಲವು ದಿನ ಮೊದಲು ತಿಳಿದಿದ್ದರೆ ಫಿರಂಗಿಗಳು ಉಳಿಯುತ್ತಿದ್ದುವೇನೋ. ಮರಾಠರ ಬಜಾರಿನಲ್ಲಿ ಧಾನ್ಯ ಬೇಕಾದಷ್ಟಿತ್ತು, ಬೆಲೆ ಮಾತ್ರ ಮಿತ್ರರದಾಗಿರಲಿಲ್ಲ.

ಅಮೆರಿಕದ ಯಾರ್ಕ್‌ಟೌನಿನಲ್ಲಿ 1781ರಲ್ಲಿ ಶರಣಾಗಿದ್ದವನೂ ಇದೇ ಕಾರ್ನ್‌ವಾಲಿಸನು. ಎರಡನೆಯ ಅಪಖ್ಯಾತಿಯನ್ನು ಆತನು ಸಮಜಾಯಿಷಿಯಿಂದ ತೊಳೆಯಹೋಗಲಿಲ್ಲ. ಮೇ ತಿಂಗಳಲ್ಲಿ ತನ್ನನ್ನು ಸೋಲಿಸಿದ್ದು ಹಸಿವೆಂದರಿತು ದವಸದ ದಾರಿಗಳನ್ನು ಹಿಡಿಯತೊಡಗಿದನು. ಜುಲೈಯಲ್ಲಿ ಆತನ ದಳವೊಂದು ಹೊಸೂರಿಗೆ ಬರುತ್ತಲೇ ಅಲ್ಲಿಯ ಮೈಸೂರು ಕಾವಲುಪಡೆ ಕೋಟೆಯನ್ನು ತೆರವು ಮಾಡಿತು. ಕಣ್ಣಂಬಾಡಿಯ ಹಿನ್ನಡೆಯನ್ನು ಲೋಕವೆಲ್ಲ ಕಂಡಿತು. ಹೊಸೂರಿನದನ್ನು ಗಮನಿಸಿದವರು ವಿರಳ. ಆದರೂ ಹೆಚ್ಚು ಬೆಲೆ ತೆತ್ತದ್ದು ಈ ಎರಡನೆಯದಕ್ಕೇ ಎಂದು ನನ್ನ ಮತ. ತಮಿಳು ಬಯಲಿನಿಂದ ಬೆಂಗಳೂರಿಗೆ ಘಟ್ಟದ ದಾರಿ ತೆರೆಯಿತು. ಅಕ್ಟೋಬರಿನಲ್ಲಿ ನಂದಿದುರ್ಗ ಬಿತ್ತು, ಡಿಸೆಂಬರ್ 21ರಂದು ಸಾವನದುರ್ಗ.

ಲಂಡನ್ನಿನಲ್ಲಿ ಇದಾವುದರ ಅರಿವೂ ಇದ್ದಂತಿಲ್ಲ. ಅಲ್ಲಿ ವ್ಯಂಗ್ಯಚಿತ್ರಕಾರ ಜೇಮ್ಸ್ ಗಿಲ್‌ರೇಯು ಮಳೆಗಾಲದ ನೆಪವನ್ನೂ ಶ್ರೀರಂಗಪಟ್ಟಣದ ಪಲಾಯನವನ್ನೂ ಹಾಸ್ಯಕ್ಕೆಳೆದು ರಚಿಸಿದ ಚಿತ್ರವು ಡಿಸೆಂಬರ್ 6ರಂದು ಪ್ರಕಟವಾಯಿತು. ಸರಿಯಾಗಿ ಎರಡು ತಿಂಗಳಿಗೆ, 1792ರ ಫೆಬ್ರವರಿ 6ರ ರಾತ್ರಿ, ಕಾರ್ನ್‌ವಾಲಿಸನು ಅದೇ ಪಟ್ಟಣದ ಮೇಲೆ ನುಗ್ಗಿದನು. ಮಾರ್ಚಿಯ ಸಂಧಿಯಂತೆ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಒಪ್ಪಿಸಬೇಕಾಯಿತು. ಅವನ ಇಬ್ಬರು ಕುಮಾರರು ಒತ್ತೆಯಾಗಿ ಹೊರಟರು.