ರಣರಂಗಕ್ಕೆ ಮಗನನ್ನು ಕಳುಹಿಸಿದ ತಾಯಿ

ಕನ್ನಡ ನಾಡು ವೀರರ ಬೀಡೆಂದು ರಾಜ್ಯೋತ್ಸವದ ವೇದಿಕೆಯ ಮೇಲೆ ನಾವು ವರ್ಷ ವರ್ಷವೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಮಾತಿಗೆ ಸಾಕ್ಷಿ ಬೇಕಾದರೆ ಬಹುದೂರ ಹೋಗಬೇಕಾಗಿಲ್ಲ. ನಮ್ಮ ಹಳ್ಳಿಗಳ ಕೆರೆಯೇರಿಯ ಮೇಲೆ, ಊರಬಾಗಿಲಲ್ಲಿ, ಗುಡಿಯ ಅಂಗಳದಲ್ಲಿ ವೀರಗಲ್ಲುಗಳು ಇಂದಿಗೂ ನಿಂತಿವೆ. ಕೆಳಗಿನ ಪಟ್ಟಿಕೆಯಲ್ಲಿ ವೀರನ ಹೋರಾಟ, ನಡುವೆ ಅಪ್ಸರೆಯರು ಅವನನ್ನು ಕರೆದೊಯ್ಯುವ ದೃಶ್ಯ, ಮೇಲೆ ಶಿವಲಿಂಗದ ಸನ್ನಿಧಿ. ಇದು ಅವುಗಳ ಸಾಮಾನ್ಯ ಕ್ರಮ. ಕಾಡುಹಂದಿಯೊಡನೆ ಸೆಣಸಿ ಸತ್ತ ಕಾಳಿ ಎಂಬ ನಾಯಿಗೂ 10ನೆಯ ಶತಮಾನದಲ್ಲಿ ಆತಕೂರಿನಲ್ಲಿ ಕಲ್ಲು ನಿಲ್ಲಿಸಿದ ಜನ ನಾವು. ಆದರೆ ಆ ಮೂರು ಪಟ್ಟಿಕೆಗಳ ಕ್ರಮದಲ್ಲಿ ವೀರನನ್ನು ಹೆತ್ತವಳಿಗೆ ಎಡೆಯಿಲ್ಲ.

ದೆಹಲಿಯಲ್ಲಿ ಮನೆಮಾಡಿಕೊಂಡಿರುವ ನಾವು ತೀನ್ ಮೂರ್ತಿಯ ಚೌಕವನ್ನು ಎಷ್ಟೋ ಸಲ ಹಾದುಹೋಗಿದ್ದೇವೆ. ಅಲ್ಲಿನ ಮೂವರು ಯೋಧರು ಹೈದರಾಬಾದು, ಜೋಧಪುರ ಮತ್ತು ಮೈಸೂರು ಸಂಸ್ಥಾನಗಳ ಅಶ್ವಸೈನ್ಯದ ಪ್ರತಿನಿಧಿಗಳು. 1918ನೆಯ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದುಕೊಂಡ ಸವಾರರಲ್ಲಿ ಮೈಸೂರು ಲ್ಯಾನ್ಸರ್ಸ್ ಪಡೆಯವರೂ ಇದ್ದರೆಂಬುದು ನಮಗೆಲ್ಲ ಅಭಿಮಾನದ ಸಂಗತಿ. ಆದರೆ ಆ ಸವಾರರು ಹಡಗನ್ನೇರಿದ ಮೇಲೆ ಊರಿನಲ್ಲಿ ಉಳಿದ ತಾಯಂದಿರು ಆ ವರ್ಷಗಳನ್ನು ಹೇಗೆ ಕಳೆದರೆಂಬುದನ್ನು ಯಾವ ಕಂಚಿನ ಮೂರ್ತಿಯೂ ನಮಗೆ ತಿಳಿಸುವುದಿಲ್ಲ. ಯುದ್ಧದ ಇತಿಹಾಸದ ಅರ್ಧಭಾಗ ರಣಭೂಮಿಯಲ್ಲಿ ನಡೆದರೆ ಉಳಿದರ್ಧ ಅಡಿಗೆಮನೆಯಲ್ಲಿ, ದೇವರ ಗೂಡಿನ ಮುಂದೆ, ಅಂಚೆಯವನ ಹಾದಿ ಕಾಯುವ ಜಗಲಿಯ ಮೇಲೆ ನಡೆಯುತ್ತದೆ. ಆ ಉಳಿದರ್ಧವನ್ನು ಕುರಿತು ಕೆಲವು ಮಾತುಗಳನ್ನು ಇಲ್ಲಿ ವಾಚಕರ ಮುಂದಿಡಲು ನಾವು ಬಯಸುತ್ತೇವೆ.

ನಮ್ಮ ಮಹಾಭಾರತ ಇಬ್ಬರು ತಾಯಂದಿರನ್ನು ಕಣ್ಣಮುಂದೆ ನಿಲ್ಲಿಸುತ್ತದೆ. ಉದ್ಯೋಗಪರ್ವದ ವಿದುಲೆ, ಸೋತು ಬಂದು ಮಲಗಿದ ಮಗನನ್ನು ಕಟುವಾಗಿ ಜರೆದು ಮತ್ತೆ ಯುದ್ಧಕ್ಕೆ ಎಬ್ಬಿಸುತ್ತಾಳೆ. ಶ್ರೀಕೃಷ್ಣನ ಸಂಧಾನ ಮುರಿದುಬಿದ್ದ ಮೇಲೆ ಕುಂತಿ ತನ್ನ ಮಕ್ಕಳಿಗೆ ಹೇಳಿಕಳುಹಿಸಿದ್ದು ಈ ವಿದುಲೆಯ ಕಥೆಯನ್ನೇ. ಇನ್ನೊಬ್ಬಳು ಸ್ತ್ರೀಪರ್ವದ ಗಾಂಧಾರಿ. ಯುದ್ಧ ಮುಗಿದ ಬಳಿಕ ಹೆಣಗಳ ನಡುವೆ ನಿಂತು ತನ್ನ ಮಕ್ಕಳಿಗೂ ಅನ್ಯರ ಮಕ್ಕಳಿಗೂ ಒಟ್ಟಿಗೆ ಅತ್ತವಳು ಅವಳು. ಒಬ್ಬಳು ಕಳುಹಿಸುವ ತಾಯಿ, ಇನ್ನೊಬ್ಬಳು ಅಳುವ ತಾಯಿ. ಕಾವ್ಯದಲ್ಲಿ ಇವರು ಬೇರೆ ಬೇರೆ. ಬದುಕಿನಲ್ಲಿ ಈ ಇಬ್ಬರೂ ಒಬ್ಬಳೇ ಆದರೆ ಅವಳ ಗತಿಯೇನು? ಕಳೆದ ಶತಮಾನದಲ್ಲಿ ಬಾಳಿದ ಜರ್ಮನಿಯ ಕಲಾವಿದೆ ಕೇಟೆ ಕೋಲ್ವಿಟ್ಸ್ ಈ ಪ್ರಶ್ನೆಗೆ ತನ್ನ ಜೀವಮಾನವನ್ನೇ ತೆತ್ತು ಉತ್ತರ ಹುಡುಕಿದವಳು.

ಈಕೆ ಹುಟ್ಟಿದ್ದು 1867ರಲ್ಲಿ, ಕೋನಿಗ್ಸ್‌ಬರ್ಗ್ ಪಟ್ಟಣದಲ್ಲಿ. ಪತಿ ಕಾರ್ಲ್ ಬರ್ಲಿನ್ ನಗರದ ಕಾರ್ಮಿಕರ ಬಡಾವಣೆಯೊಂದರಲ್ಲಿ ವೈದ್ಯನಾಗಿದ್ದ. ಅವರಿಗೆ ಹಾನ್ಸ್ ಮತ್ತು ಪೀಟರ್ ಎಂಬ ಇಬ್ಬರು ಗಂಡುಮಕ್ಕಳು. 1914ನೆಯ ಆಗಸ್ಟ್ ತಿಂಗಳಲ್ಲಿ ಮೊದಲನೆಯ ಮಹಾಯುದ್ಧ ಸಿಡಿದಾಗ ಕಿರಿಯವನಾದ ಪೀಟರನಿಗೆ ಹದಿನೆಂಟು ವರ್ಷ. ದೇಶದ ತರುಣರೆಲ್ಲ ಆವೇಶದಿಂದ ಸೈನ್ಯಕ್ಕೆ ಸೇರುತ್ತಿದ್ದ ಕಾಲ ಅದು, ಪೀಟರನೂ ಹೋಗುವೆನೆಂದ. ಅವನಿನ್ನೂ ಪ್ರಾಯಪ್ರಬುದ್ಧನಾಗಿರಲಿಲ್ಲವಾದುದರಿಂದ ತಂದೆಯ ಒಪ್ಪಿಗೆ ಬೇಕಾಗಿತ್ತು. ತಂದೆ ಒಪ್ಪಲಿಲ್ಲ. ಮಗ ತಾಯಿಯ ಮುಖ ನೋಡಿದ. ತಾಯಿ ಮಗನ ಪರವಾಗಿ ಗಂಡನಲ್ಲಿ ಬೇಡಿಕೊಂಡಳು. ಕೊನೆಗೆ ತಂದೆ ಮಣಿದ. ಹುಡುಗ ಅಕ್ಟೋಬರ್ ತಿಂಗಳಲ್ಲಿ ಬೆಲ್ಜಿಯಂ ದೇಶದ ರಣರಂಗಕ್ಕೆ ಹೊರಟ. ಅದೇ ತಿಂಗಳ 22ರ ರಾತ್ರಿ ಡಿಕ್ಸ್‌ಮೌಡೆ ಎಂಬ ಊರಿನ ಬಳಿ ಗುಂಡಿಗೆ ಬಲಿಯಾದ.

ಅನುಮತಿ ಕೊಡಿಸಿದವಳು ತಾನೇ ಎಂಬ ನೆನಪು ಆ ತಾಯಿಯನ್ನು ಎಂದೂ ಬಿಡಲಿಲ್ಲ. ಮಗನ ಕೋಣೆಯನ್ನು ಅವಳು ಅವನು ಬಿಟ್ಟುಹೋದಂತೆಯೇ ಉಳಿಸಿಕೊಂಡಳು. ಬಹುದಿನಗಳವರೆಗೆ ಯುದ್ಧವನ್ನು ತಪ್ಪೆನ್ನುವ ಧೈರ್ಯವೂ ಅವಳಿಗೆ ಬರಲಿಲ್ಲ. ಏಕೆಂದರೆ ಯುದ್ಧ ವ್ಯರ್ಥವೆಂದರೆ ಮಗನ ಸಾವೂ ವ್ಯರ್ಥವೆಂದಂತೆ. ನಂಬಿ ಪ್ರಾಣಕೊಟ್ಟ ಹುಡುಗನಿಗೆ ಹೆತ್ತವಳೇ ಎರಡು ಬಗೆದಂತೆ. ಸೈನಿಕರ ಮನೆಗಳಲ್ಲಿ ಈ ಕಗ್ಗಂಟು ಎಲ್ಲ ಕಾಲದಲ್ಲಿಯೂ ಇರುತ್ತದೆ. ಹೊರಗಿನವರು ಯುದ್ಧವನ್ನು ಹೊಗಳಬಹುದು, ತೆಗಳಬಹುದು. ಹೆತ್ತ ಕರುಳಿಗೆ ಎರಡೂ ಸುಲಭವಲ್ಲ.

ಇಲ್ಲಿ ನಮ್ಮ ದೇಶದ ಮಾತೊಂದನ್ನು ನೆನೆಯಬೇಕು. ಅದೇ ಅಕ್ಟೋಬರಿನ ಕೊನೆಯ ದಿನಗಳಲ್ಲಿ ಅದೇ ಫ್ಲಾಂಡರ್ಸ್ ಪ್ರದೇಶದ ಕಂದಕಗಳಿಗೆ ಭಾರತದ ಸಿಪಾಯಿಗಳೂ ಬಂದು ಇಳಿದಿದ್ದರು. ಅಕ್ಟೋಬರ್ 31ರಂದು ಅಲ್ಲಿ ತೋರಿದ ಪರಾಕ್ರಮಕ್ಕಾಗಿಯೇ ಖುದಾದಾದ್ ಖಾನನಿಗೆ, ಭಾರತೀಯ ಸೈನಿಕರಲ್ಲಿ ಮೊದಲಿಗನಾಗಿ, ವಿಕ್ಟೋರಿಯಾ ಕ್ರಾಸ್ ಪದಕ ದೊರೆಯಿತು. ಆ ಮಹಾಯುದ್ಧದಲ್ಲಿ ಭಾರತದಿಂದ ಹೋದವರು 13 ಲಕ್ಷಕ್ಕೂ ಹೆಚ್ಚು. ತಿರುಗಿ ಬಾರದವರು 74 ಸಾವಿರದಷ್ಟು. ಅವರಲ್ಲಿ ಅನೇಕರು ಓದುಬರಹವಿಲ್ಲದವರು. ಬರೆಯಬಲ್ಲ ಗೆಳೆಯನ ಕೈಯಲ್ಲಿ ಕಾಗದ ಬರೆಯಿಸುತ್ತಿದ್ದರು. ದಾರಿಯಲ್ಲಿ ಸೈನ್ಯದ ಪರೀಕ್ಷಕರು ಅದನ್ನು ಓದುತ್ತಿದ್ದರು. ಊರಿನಲ್ಲಿ ಅಕ್ಷರ ಬಾರದ ತಾಯಿಗೆ ಮತ್ತಾರೋ ಓದಿ ಹೇಳಬೇಕಾಗಿತ್ತು. ಮಗನಿಂದ ತಾಯಿಗೆ ಮಾತೊಂದು ತಲುಪಬೇಕಾದರೆ ಮೂರು ಜನ ಪರಕೀಯರ ಕಿವಿಯನ್ನು ಹಾಯಬೇಕು. ಅಂತಹ ಕಾಗದದಲ್ಲಿ ಯಾರು ತಾನೇ ತನ್ನ ಭಯವನ್ನು ಬರೆಸಿಯಾನು? ‘ಕ್ಷೇಮ’ ಎಂಬ ಒಂದು ಮಾತನ್ನೇ ತಾಯಂದಿರು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಮುಂದಿನ ಅಂಚೆಯವರೆಗೆ ಕಾಯಬೇಕಾಗಿತ್ತು. ಫ್ರಾನ್ಸಿನ ನ್ಯೂವ್ ಶಾಪೆಲ್ ಸ್ಮಾರಕದಲ್ಲಿ ಗೋರಿಯೂ ದೊರೆಯದ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ. ದೇಹವನ್ನು ಕಾಣದ ತಾಯಿ ಅಳುವುದಾದರೂ ಹೇಗೆ, ಆಸೆ ಬಿಡುವುದಾದರೂ ಹೇಗೆ?

ಇಂಗ್ಲೆಂಡಿನ ಮಾತೂ ಬೇರೆಯಲ್ಲ. ತರುಣ ಕವಿ ವಿಲ್ಫ್ರೆಡ್ ಓವೆನ್ 1918ನೆಯ ನವೆಂಬರ್ 4ರಂದು ಮಡಿದ. ಯುದ್ಧ ಮುಗಿದುದಕ್ಕಾಗಿ ನವೆಂಬರ್ 11ರಂದು ಊರಿನ ಗಂಟೆಗಳೆಲ್ಲ ಮೊಳಗುತ್ತಿದ್ದಾಗ ಅವನ ಮನೆಗೆ ಆ ತಂತಿ ಬಂದಿತು. 1920ರಲ್ಲಿ ಅವನ ತಾಯಿ ನಮ್ಮ ರವೀಂದ್ರನಾಥ ಠಾಕೂರರಿಗೆ ಒಂದು ಪತ್ರ ಬರೆದಳು. ಕೊನೆಯ ಸಲ ಬೀಳ್ಕೊಳ್ಳುವಾಗ ಮಗ ಠಾಕೂರರ ಗೀತಾಂಜಲಿಯ ಮಾತುಗಳನ್ನು ಹೇಳಿದ್ದನೆಂದೂ, ಅವನ ಕಿರುಪುಸ್ತಕದಲ್ಲಿ ಅವೇ ಮಾತುಗಳು ಬರೆದಿದ್ದುವೆಂದೂ ಆಕೆ ತಿಳಿಸಿದಳು. ಮಗನ ಕೊನೆಯ ಮಾತಿನ ಮೂಲವನ್ನು ಹುಡುಕಿಕೊಂಡು ಒಬ್ಬ ತಾಯಿಯ ಪತ್ರ ಸಮುದ್ರ ದಾಟಿ ಭಾರತದ ಕವಿಯ ಬಳಿಗೆ ಬಂದಿತೆಂಬುದು ಸಾಮಾನ್ಯ ಸಂಗತಿಯಲ್ಲ.

ಕೋಲ್ವಿಟ್ಸಳ ಕಡೆಗೆ ಮರಳೋಣ. ಮಗನಿಗೆ ಸ್ಮಾರಕವೊಂದನ್ನು ಕಡೆಯಬೇಕೆಂದು ಅವಳು 1914ರ ಡಿಸೆಂಬರಿನಲ್ಲಿಯೇ ಸಂಕಲ್ಪಿಸಿದಳು. ಮೊದಲು ಯೋಚಿಸಿದ್ದು ಮಲಗಿದ ಮಗನ ಮೂರ್ತಿಯನ್ನು. ಐದು ವರ್ಷ ದುಡಿದರೂ ಅದು ಕೈಗೂಡಲಿಲ್ಲ, 1919ರಲ್ಲಿ ಕೈಬಿಟ್ಟಳು. ಆ ನಡುವೆ ಅವಳ ಮನಸ್ಸು ಮೆಲ್ಲಮೆಲ್ಲನೆ ತಿರುಗಿತ್ತು. 1918ರ ಅಕ್ಟೋಬರಿನಲ್ಲಿ, ಜರ್ಮನಿ ಸೋಲಿನ ಅಂಚಿನಲ್ಲಿದ್ದಾಗ, ಕವಿ ರಿಚರ್ಡ್ ಡೆಹ್ಮೆಲ್ ಕೊನೆಯ ಹೋರಾಟಕ್ಕೆ ಇನ್ನಷ್ಟು ಜನ ಬನ್ನಿರೆಂದು ಕರೆಕೊಟ್ಟ. ಈ ತಾಯಿ ಪತ್ರಿಕೆಯಲ್ಲಿ ಬಹಿರಂಗವಾಗಿ ಅವನಿಗೆ ಉತ್ತರವಿತ್ತಳು: ಸತ್ತವರು ಸಾಕು, ಇನ್ನೊಬ್ಬನೂ ಸಾಯಬಾರದು ಎಂಬುದೇ ಅವಳ ವಾದ. ಬಿತ್ತನೆಗೆಂದು ಇಟ್ಟ ಕಾಳನ್ನು ಬೀಸುವ ಕಲ್ಲಿಗೆ ಹಾಕಬಾರದೆಂಬ ಅರ್ಥದ ಗಯಟೆ ಮಹಾಕವಿಯ ನುಡಿಯನ್ನು ಅವಳು ಆಸರೆಯಾಗಿ ಹಿಡಿದಳು. ಒಕ್ಕಲು ಮನೆತನಗಳಿಂದ ಬಂದ ನಮಗೆ ಈ ಮಾತನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬರಗಾಲದಲ್ಲಿ ಹಸಿದು ಮಲಗಿದರೂ ನಮ್ಮ ಅಜ್ಜಿಯರು ಬೀಜದ ಗಡಿಗೆಗೆ ಕೈಹಾಕಲಿಲ್ಲ.

1923ರಲ್ಲಿ ಪ್ರಕಟವಾದ ಅವಳ ‘ಯುದ್ಧ’ ಎಂಬ ಏಳು ಮರಗೆತ್ತನೆಯ ಚಿತ್ರಗಳಲ್ಲಿ ಫಿರಂಗಿಯಿಲ್ಲ, ಬಾವುಟವಿಲ್ಲ. ಒಂದರಲ್ಲಿ ಮೃತ್ಯು ತಮಟೆ ಬಾರಿಸುತ್ತ ಮುಂದೆ ನಡೆದರೆ ತರುಣರು ಮೈಮರೆತು ಹಿಂದೆ ಹೋಗುತ್ತಾರೆ; ಮೃತ್ಯುವಿನ ಪಕ್ಕದಲ್ಲೇ ಇರುವವನು ಪೀಟರ್. ಇನ್ನೊಂದರಲ್ಲಿ ತಾಯಂದಿರು ಒಬ್ಬರನ್ನೊಬ್ಬರು ತಬ್ಬಿ, ಮಕ್ಕಳನ್ನು ನಡುವೆ ಅಡಗಿಸಿ ಕೋಟೆಯಂತೆ ನಿಂತಿದ್ದಾರೆ. ಸ್ಮಾರಕದ ಕೆಲಸವನ್ನು ಅವಳು ಮತ್ತೆ ಕೈಗೆತ್ತಿಕೊಂಡಾಗ ಮಗನ ಮೂರ್ತಿಯನ್ನೇ ಬಿಟ್ಟಳು. ಉಳಿದದ್ದು ಮೊಣಕಾಲೂರಿದ ತಂದೆ ಮತ್ತು ತಾಯಿ ಮಾತ್ರ. ಹದಿನೆಂಟು ವರ್ಷ ಬದುಕಿದ ಮಗನಿಗೆ ತಾಯಿ ಕಲ್ಲು ನಿಲ್ಲಿಸಲು ಹಿಡಿದದ್ದೂ ಹದಿನೆಂಟು ವರ್ಷವೇ. 1932ರ ಜುಲೈ ತಿಂಗಳಲ್ಲಿ ಆ ಎರಡು ಮೂರ್ತಿಗಳು ಬೆಲ್ಜಿಯಂನ ಸ್ಮಶಾನದಲ್ಲಿ ನೆಲೆಗೊಂಡವು. ತಂದೆ ತೋಳುಗಳನ್ನು ಮೈಗೆ ಬಿಗಿದುಕೊಂಡು ನೇರ ನೋಡುತ್ತಾನೆ. ತಾಯಿ ತಲೆ ಬಾಗಿಸಿದ್ದಾಳೆ. ಗೋರಿಗಳನ್ನು ಒಟ್ಟುಗೂಡಿಸಿದ ಮೇಲೆ ಇವು ವ್ಲಾಡ್ಸ್ಲೋ ಎಂಬಲ್ಲಿಗೆ ಬಂದವು. ಅಲ್ಲಿ ಮಲಗಿರುವವರು 25 ಸಾವಿರಕ್ಕೂ ಹೆಚ್ಚು. ಪೀಟರನ ಹೆಸರಿನ ಕಲ್ಲು ತಂದೆಯ ಮುಂದೆಯೇ ಇದೆ. ಆದರೆ ತಲೆಬಾಗಿದ ಆ ತಾಯಿ ಎಲ್ಲರ ತಾಯಿಯಾಗಿ ಕಾಣುತ್ತಾಳೆ.

ಅವಳ ಆಸೆಯನ್ನು ಕಾಲ ಮನ್ನಿಸಲಿಲ್ಲ. 1933ರಲ್ಲಿ ನಾಜಿಗಳು ಅವಳನ್ನು ಪ್ರಷ್ಯದ ಕಲಾ ಅಕಾಡೆಮಿಯಿಂದ ಹೊರದೂಡಿದರು. 1942ರಲ್ಲಿ, ಸತ್ತ ಮಗನ ಹೆಸರನ್ನೇ ಇಟ್ಟಿದ್ದ ಮೊಮ್ಮಗ ಪೀಟರ್ ರಷ್ಯದ ರಣರಂಗದಲ್ಲಿ ಮಡಿದ. ಬಿತ್ತನೆಯ ಕಾಳಿನ ಆ ಹಳೆಯ ನುಡಿಯನ್ನೇ ಹೆಸರಾಗಿಟ್ಟು ಅವಳು ಅದೇ ವರ್ಷ ಒಂದು ಕಲ್ಲಚ್ಚಿನ ಚಿತ್ರ ಬರೆದಳು. ಮುದುಕಿಯೊಬ್ಬಳು ತೋಳು ಚಾಚಿ ಹುಡುಗರನ್ನು ತನ್ನ ಉಡುಪಿನ ಮರೆಯಲ್ಲಿ ಬಲವಾಗಿ ಹಿಡಿದುಕೊಂಡಿದ್ದಾಳೆ. 1945ರ ಏಪ್ರಿಲ್ 22ರಂದು ಅವಳು ತೀರಿಕೊಂಡಳು. ಯೂರೋಪಿನ ಯುದ್ಧ ಮುಗಿದದ್ದು ಹದಿನಾರು ದಿನಗಳ ಬಳಿಕ.

ತನ್ನ ಮಗನಿಗಾಗಿ ತೊಡಗಿದ ದುಃಖ ಎಲ್ಲರ ಮಕ್ಕಳಿಗಾಗಿ ಹಬ್ಬುವುದೇ ಈ ತಾಯಿ ಕಂಡುಕೊಂಡ ದಾರಿ. ಅದು ನಮ್ಮವರಿಗೂ ಹೊಸದಲ್ಲ. 1965ರ ಯುದ್ಧದಲ್ಲಿ ಕೊಡಗಿನ ಜನರಲ್ ಕಾರ್ಯಪ್ಪನವರ ಮಗ, ವಾಯುಪಡೆಯ ವಿಮಾನಚಾಲಕ, ಪಾಕಿಸ್ತಾನದಲ್ಲಿ ಸೆರೆಸಿಕ್ಕಿದ. ಅಲ್ಲಿನ ಅಧ್ಯಕ್ಷ ಆಯೂಬ್ ಖಾನರಿಗೆ ಕಾರ್ಯಪ್ಪನವರು ಹಳೆಯ ಸೈನ್ಯದ ಕಾಲದಿಂದ ಪರಿಚಿತರು. ಮಗನಿಗೆ ವಿಶೇಷ ಸೌಕರ್ಯದ ಮಾತು ಬಂದಾಗ ಈ ತಂದೆ ಅದನ್ನೊಪ್ಪಲಿಲ್ಲ. ಸೆರೆಯಲ್ಲಿರುವ ಭಾರತೀಯ ಸೈನಿಕರೆಲ್ಲರೂ ತಮ್ಮ ಮಕ್ಕಳೇ, ಎಲ್ಲರನ್ನೂ ಒಂದೇ ರೀತಿ ನೋಡಿಕೊಳ್ಳಲಿ ಎಂದರು. ಆ ಮಗ 1966ರಲ್ಲಿ ಕ್ಷೇಮವಾಗಿ ಹಿಂದಿರುಗಿದ.

ಊರು ಬಿಟ್ಟು ಬಂದ ನಮಗೆ ಕಾಗದದ ಹಾದಿ ಕಾಯುವ ತಾಯಿಯ ಮುಖ ಅಪರಿಚಿತವಲ್ಲ. ನಮ್ಮನ್ನು ಕಳುಹಿಸಿದವರು ಅನ್ನಕ್ಕಾಗಿ ಕಳುಹಿಸಿದರು. ಹಬ್ಬಕ್ಕೆ ಬರುವನೆಂಬ ಧೈರ್ಯ ಅವರಿಗಿತ್ತು. ಸೈನಿಕನ ತಾಯಿಗೆ ಆ ಧೈರ್ಯವೂ ಇಲ್ಲ. ಆಸೆ ಮಾತ್ರ ಉಂಟು. ಆದುದರಿಂದ ಈ ನಾಡಹಬ್ಬದಲ್ಲಿ ವೀರರಿಗೆ ಜಯಕಾರ ಹಾಕುವಾಗ, ಅವರನ್ನು ಹೆತ್ತವರ ಮನೆ ನಮ್ಮ ಬೀದಿಯಲ್ಲಿಯೇ ಇದ್ದರೆ ಆ ಬಾಗಿಲನ್ನೂ ಒಮ್ಮೆ ತಟ್ಟೋಣ. ಕುಶಲ ವಿಚಾರಿಸೋಣ, ಕಾಗದ ಬಂದಿತೇ ಎಂದು ಕೇಳೋಣ. ಕಲ್ಲು ನಿಲ್ಲಿಸುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸ ಇದು.