ಮಜ್ದಾ ರೋಟರಿ ಪಿಕಪ್

ಮಜ್ದಾ ರೋಟರಿ ಪಿಕಪ್: ಜಪಾನಿನ ಹಿರೋಶಿಮಾದ ಟೊಯೊ ಕೊಗ್ಯೊ ಕಂಪನಿ (ಇಂದಿನ ಮಜ್ದಾ) 1974ರಿಂದ 1977ರವರೆಗಿನ ಮಾದರಿಗಳಾಗಿ ತಯಾರಿಸಿದ ಸಣ್ಣ ಸರಕು ವಾಹನ. ರೋಟರಿ ಎಂಜಿನ್ ಹೊತ್ತು ಕಾರ್ಖಾನೆಯಿಂದ ಮಾರುಕಟ್ಟೆಗೆ ಬಂದ ಪಿಕಪ್ ಜಗತ್ತಿನಲ್ಲಿ ಇದೊಂದೇ. ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಕೆನಡಾಗಳಲ್ಲಿ ಮಾತ್ರ ಮಾರಾಟವಾಯಿತು, ಜಪಾನಿನವರಿಗೇ ಸಿಗಲಿಲ್ಲ. 1980ರ ದಶಕದಿಂದ ಕರ್ನಾಟಕದ ರಸ್ತೆಗಳಲ್ಲಿ ಓಡಿದ ‘ಸ್ವರಾಜ್ ಮಜ್ದಾ’ ಲಾರಿ, ಬಸ್ಸುಗಳಿಗೂ ಇದಕ್ಕೂ ನಂಟು ಮಜ್ದಾ ಕಂಪನಿಯ ಮೂಲಕವಷ್ಟೆ. ಅವು ಪಿಸ್ಟನ್ ಇರುವ ಡೀಸೆಲ್ ವಾಹನಗಳು.

ಹಿನ್ನೆಲೆ

1920ರಲ್ಲಿ ಬಿರಡೆಮರದ ಪದಾರ್ಥ ತಯಾರಿಸಲು ಹುಟ್ಟಿದ ಈ ಕಂಪನಿ, 1931ರಲ್ಲಿ ಮೂರು ಚಕ್ರದ ಸರಕು ಗಾಡಿಯಿಂದ ವಾಹನ ತಯಾರಿಕೆಗೆ ಇಳಿಯಿತು. ವಾಹನ ತಯಾರಿಕೆಯಲ್ಲಿ ಹೊರೆ ಹೊರುವ ಗಾಡಿಯೇ ಅದರ ಮೊದಲ ಕಸುಬು. 1960ರ ದಶಕದ ಆರಂಭದಲ್ಲಿ ಜಪಾನ್ ಸರ್ಕಾರ ಸಣ್ಣ ವಾಹನ ಕಂಪನಿಗಳನ್ನು ದೊಡ್ಡವುಗಳ ಜೊತೆ ಸೇರಿಸುವ ಆಲೋಚನೆಯಲ್ಲಿತ್ತು. ಬೇರೆಯವರಲ್ಲಿ ಇಲ್ಲದ್ದೊಂದು ಕೈಯಲ್ಲಿದ್ದರೆ ಮಾತ್ರ ಉಳಿಗಾಲ ಎಂದು ಕಂಡ ಅಧ್ಯಕ್ಷ ತ್ಸುನೇಜಿ ಮತ್ಸುದ, ಜರ್ಮನಿಯ ಫೆಲಿಕ್ಸ್ ವ್ಯಾಂಕಲ್ ಕಲ್ಪಿಸಿ ಎನ್‌ಎಸ್‌ಯು ಕಂಪನಿ ರೂಪಿಸಿದ ರೋಟರಿ ಎಂಜಿನ್ನಿನ ಪರವಾನಗಿಯನ್ನು 1961ರಲ್ಲಿ ಪಡೆದರು.

ಕೈಗೆ ಬಂದ ಎಂಜಿನ್ ಬಾಳಿಕೆಗೆ ನಿಲ್ಲಲಿಲ್ಲ. ಒಳಗೆ ತಿರುಗುವ ರೋಟರಿನ ತುದಿಯ ಸೀಲುಗಳು ನಡುಗುತ್ತ ಒಳಗೋಡೆಯ ಮೇಲೆ ಅಲೆಯಲೆಯಾಗಿ ಗೀರು ಹಾಕುತ್ತಿದ್ದವು. ಎಂಜಿನಿಯರುಗಳು ಇದನ್ನು ದೆವ್ವದ ಉಗುರಿನ ಗುರುತು ಎಂದು ಕರೆದರು. ಕೆನಿಚಿ ಯಮಾಮೊಟೊ ನೇತೃತ್ವದ 47 ಮಂದಿಯ ತಂಡ ಅಲ್ಯೂಮಿನಿಯಂ ಬೆರೆಸಿದ ಇಂಗಾಲದ ಸೀಲಿನಿಂದ ಈ ದೋಷವನ್ನು ಹತೋಟಿಗೆ ತಂದಿತು. 1967ರಲ್ಲಿ ಈ ಎಂಜಿನ್ನಿನ ‘ಕಾಸ್ಮೊ ಸ್ಪೋರ್ಟ್’ ಕಾರು ಹೊರಬಂತು. 1970ರಲ್ಲಿ ಕಂಪನಿ ಅಮೆರಿಕದ ಮಾರುಕಟ್ಟೆಗೆ ಕಾಲಿಟ್ಟಿತು.

ಎಂಜಿನ್ನಿನ ಬಗೆ

ರೋಟರಿ ಎಂಜಿನ್ನಿನಲ್ಲಿ ಮೇಲೆ ಕೆಳಗೆ ಆಡುವ ಪಿಸ್ಟನ್ ಇಲ್ಲ, ವಾಲ್ವುಗಳೂ ಇಲ್ಲ. ನಡು ತುಸು ಒಳಸರಿದ ಅಂಡಾಕಾರದ ಮನೆಯೊಳಗೆ, ಬದಿಗಳು ಉಬ್ಬಿದ ಮುಮ್ಮೂಲೆಯ ರೋಟರ್ ತಿರುಗುತ್ತದೆ. ಒರಳಿನ ಗುಂಡು ತಾನೂ ತಿರುಗುತ್ತ ಗುಳಿಯ ಅಂಚನ್ನೂ ಸುತ್ತುವಂತೆ, ರೋಟರಿಗೂ ಎರಡು ಚಲನೆ. ಅದು ಒಂದು ಸುತ್ತು ಮುಗಿಸುವಷ್ಟರಲ್ಲಿ ಶಾಫ್ಟ್ ಮೂರು ಸುತ್ತು ಹಾಕಿರುತ್ತದೆ. ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಎಳೆದುಕೊಳ್ಳುವುದು, ಒತ್ತುವುದು, ಉರಿಸುವುದು, ಹೊರದೂಡುವುದು ಎಲ್ಲವೂ ರೋಟರಿನ ಮೂರು ಮುಖಗಳ ಸುತ್ತ ಏಕಕಾಲಕ್ಕೆ ನಡೆಯುತ್ತವೆ. ಎಂಜಿನ್ ಪುಟ್ಟದು, ಅದುರುವಿಕೆ ಕಡಿಮೆ, ವೇಗ ಏರಿದಂತೆ ಹುರುಪು ಹೆಚ್ಚು. ಉರಿಯುವ ಜಾಗ ಮಾತ್ರ ಉದ್ದ ಮತ್ತು ತೆಳು. ಆದ್ದರಿಂದ ಉರಿಯದೆ ಉಳಿಯುವ ಇಂಧನ ಹೆಚ್ಚು. ಒಂದೊಂದು ರೋಟರಿಗೆ ಎರಡೆರಡು ಸ್ಪಾರ್ಕ್ ಪ್ಲಗ್ ಇಟ್ಟಿರುವುದಕ್ಕೆ ಕಾರಣ ಇದೇ.

ವಿನ್ಯಾಸ

1970ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಡಾಟ್ಸನ್, ಟೊಯೋಟಾಗಳ ಸಣ್ಣ ಪಿಕಪ್‌ಗಳಿಗೆ ಬೇಡಿಕೆ ಬೆಳೆಯುತ್ತಿತ್ತು. ಟೊಯೊ ಕೊಗ್ಯೊ ತನ್ನ ಪಿಸ್ಟನ್ ಎಂಜಿನ್ನಿನ ಬಿ1600 ಪಿಕಪ್ಪನ್ನು ಆಧಾರವಾಗಿಟ್ಟುಕೊಂಡು, ಅದಕ್ಕೆ ತಲಾ 654 ಘನ ಸೆಂಟಿಮೀಟರಿನ ಎರಡು ರೋಟರುಗಳುಳ್ಳ 13ಬಿ ಎಂಜಿನ್ ಕೂರಿಸಿತು. ಅದರ ಶಕ್ತಿ ಸುಮಾರು 110 ಅಶ್ವಶಕ್ತಿ ಎಂದು ಕಂಪನಿ ಸಾರಿತು. ಆ ಗಾತ್ರದ ಸರಕು ಗಾಡಿಗೆ ಇದು ಅಂದಿನ ಮಟ್ಟಿಗೆ ಧಾರಾಳ.

ಮುಂದಿನ ಜಾಲರಿ ಬೇರೆಯಾಯಿತು, ಮಡ್‌ಗಾರ್ಡುಗಳು ಉಬ್ಬಿದವು, ಹಿಂದೆ ದುಂಡು ದೀಪಗಳು ಬಂದವು. ಬ್ಯಾಟರಿ ಎಂಜಿನ್ ಕೋಣೆ ಬಿಟ್ಟು ಹಿಂದಿನ ಬಾಡಿಯ ಕೆಳಗೆ ಸೇರಿತು. ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಡ್ರಮ್. ಹೊರೆ ತಾಳಲು ಹಿಂದೆ ಪಟ್ಟಿ ಸ್ಪ್ರಿಂಗ್. ಮೊದಲ ಗಾಡಿಗಳಿಗೆ ನಾಲ್ಕು ಗೇರು. 1977ರ ಮಾದರಿಯಲ್ಲಿ ಕ್ಯಾಬಿನ್ ಸುಮಾರು 10 ಸೆಂಟಿಮೀಟರ್ ಉದ್ದವಾಯಿತು, ಐದು ಗೇರಿನ ಪೆಟ್ಟಿಗೆಯೂ ಬಂತು.

ತೈಲ ಬಿಕ್ಕಟ್ಟು

ಪಿಕಪ್ ಬಂದದ್ದು ಕೆಟ್ಟ ಗಳಿಗೆಯಲ್ಲಿ. 1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲ ನಿರ್ಬಂಧ ಹೇರಿದವು. ಅಮೆರಿಕದ ಪೆಟ್ರೋಲ್ ಬಂಕುಗಳ ಮುಂದೆ ಸಾಲು ಬೆಳೆಯಿತು. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯ ನಗರ ಚಾಲನೆಯ ಪರೀಕ್ಷೆಯಲ್ಲಿ ಮಜ್ದಾದ ರೋಟರಿ ಕಾರುಗಳು ಗ್ಯಾಲನ್ನಿಗೆ ಸುಮಾರು 11 ಮೈಲಿ, ಅಂದರೆ ಲೀಟರಿಗೆ ಐದು ಕಿಲೋಮೀಟರಿಗೂ ಕಡಿಮೆ, ಓಡುತ್ತವೆಂದು ದಾಖಲಾಯಿತು. ಕಂಪನಿ ಈ ಅಂಕಿಯನ್ನು ಒಪ್ಪದೆ ವಾದಿಸಿತು. ಕೊಳ್ಳುವವರು ಅಷ್ಟರಲ್ಲಿ ದೂರ ಸರಿದಿದ್ದರು.

ಹೊಗೆ ನಿಯಂತ್ರಣವೂ ಈ ದುಂದುವೆಚ್ಚಕ್ಕೆ ಒಂದು ಕಾರಣ. ಉರಿಯದೆ ಉಳಿದ ಇಂಧನವನ್ನು ಹೊಗೆದಾರಿಯಲ್ಲೇ ಸುಡಲು ‘ಥರ್ಮಲ್ ರಿಯಾಕ್ಟರ್’ ಎಂಬ ದಪ್ಪ ಕಬ್ಬಿಣದ ಕೋಣೆ ಇತ್ತು. ಅದರೊಳಗೆ ಬೆಂಕಿ ಆರದಿರಲು ಪಂಪಿನಿಂದ ಗಾಳಿಯೂ, ಎಂಜಿನ್ನಿಗೆ ಪೆಟ್ರೋಲ್ ಹೆಚ್ಚಿರುವ ಮಿಶ್ರಣವೂ ಬೇಕಿದ್ದವು. ಗಾಳಿ ಶುದ್ಧವಾಗಿಡಲು ಪೆಟ್ರೋಲ್ ತೆರಬೇಕಾಯಿತು. ಸಾಲದಲ್ಲಿ ಮುಳುಗಿದ ಕಂಪನಿಯನ್ನು ಸುಮಿತೊಮೊ ಬ್ಯಾಂಕ್ ಎತ್ತಿ ನಿಲ್ಲಿಸಿತು. ರೋಟರಿಯ ಇಂಧನ ಖರ್ಚನ್ನು ಶೇ. 40ರಷ್ಟು ಸುಧಾರಿಸುವ ‘ಫೀನಿಕ್ಸ್’ ಯೋಜನೆಯನ್ನೂ ಕಂಪನಿ ಕೈಗೊಂಡಿತು.

ಒಟ್ಟು 15,000ಕ್ಕೂ ಹೆಚ್ಚು ರೋಟರಿ ಪಿಕಪ್‌ಗಳು ತಯಾರಾದವು. ಅವುಗಳಲ್ಲಿ ಬಹುಪಾಲು 1974ರ ಮಾದರಿಯವೇ. 1976 ಮತ್ತು 1977ರ ಮಾದರಿಗಳು ಸೇರಿ ಎರಡು ಸಾವಿರವನ್ನೂ ಮುಟ್ಟಲಿಲ್ಲ.

ದಿನಬಳಕೆ ಮತ್ತು ಹೊರೆ

ಮಾರ್ಪಾಡಿಲ್ಲದ ಈ ಗಾಡಿಯನ್ನು ದಿನವೂ ಓಡಿಸುವವರು ಪಿಸ್ಟನ್ ಗಾಡಿಯ ಅಭ್ಯಾಸಗಳನ್ನು ಮರೆಯಬೇಕಾಗುತ್ತದೆ. ಸೀಲುಗಳು ಒಣಗದಂತೆ ಒಂದು ಸಣ್ಣ ಪಂಪು ಎಂಜಿನ್ ಆಯಿಲನ್ನು ಹನಿಹನಿಯಾಗಿ ಒಳಗೆ ಬಿಡುತ್ತಿರುತ್ತದೆ. ಆಯಿಲ್ ಇಳಿಯುವುದು ರಿಪೇರಿಯ ವಿಷಯವಲ್ಲ, ಎಂಜಿನ್ನಿನ ಗುಣ. ಆದ್ದರಿಂದ ಪೆಟ್ರೋಲ್ ಹಾಕಿಸಿದಾಗಲೆಲ್ಲ ಕಡ್ಡಿ ಎಳೆದು ಆಯಿಲ್ ಮಟ್ಟ ನೋಡುವುದು ವಾಡಿಕೆ. ತಣ್ಣಗಿರುವ ಎಂಜಿನ್ನನ್ನು ಚಾಲೂ ಮಾಡಿ, ಗಾಡಿಯನ್ನು ನಾಲ್ಕು ಅಡಿ ಸರಿಸಿ, ತಕ್ಷಣ ಆರಿಸಬಾರದು. ಚೋಕ್ ಎಳೆದಾಗ ಒಳಸೇರಿದ ಹೆಚ್ಚಿನ ಪೆಟ್ರೋಲ್ ಸೀಲಿನ ಮೇಲಿನ ಆಯಿಲನ್ನು ತೊಳೆದುಬಿಡುತ್ತದೆ. ಒತ್ತಡ ನಿಲ್ಲದೆ ಮುಂದಿನ ಸಲ ಎಂಜಿನ್ ಹಿಡಿಯುವುದಿಲ್ಲ. ಆಗ ಪ್ಲಗ್ ಬಿಚ್ಚಿ, ಎಂಜಿನ್ನನ್ನು ಸುಮ್ಮನೆ ತಿರುಗಿಸಿ ಒಣಗಿಸಬೇಕು. ರೋಟರ್ ಮನೆಗಳು ಅಲ್ಯೂಮಿನಿಯಂ, ಅವುಗಳ ಅಕ್ಕಪಕ್ಕದ ತಟ್ಟೆಗಳು ಎರಕದ ಕಬ್ಬಿಣ. ಒಮ್ಮೆ ಅತಿಯಾಗಿ ಬಿಸಿಯಾದರೆ ಎರಡೂ ಒಂದೇ ಸಮ ಹಿಗ್ಗದೆ ನೀರಿನ ಸೀಲು ಕೆಡುತ್ತದೆ. ಹೀಗಾಗಿ ರೇಡಿಯೇಟರ್ ನೀರಿನ ಮೇಲೆ ಸದಾ ಕಣ್ಣಿರಬೇಕು.

ಹೊರೆಯ ಮಾತು ಬಂದಾಗ ಈ ಎಂಜಿನ್ನಿನ ಸ್ವಭಾವ ಇನ್ನಷ್ಟು ತಿಳಿಯುತ್ತದೆ. ಲೋಡ್ ಗಾಡಿಗೆ ಬೇಕಾದದ್ದು ನಿಂತಲ್ಲಿಂದ ಕಿತ್ತೆಳೆಯುವ ಬಲ. ರೋಟರಿಗೆ ಬಲ ಬರುವುದು ಓಟ ಏರಿದ ಮೇಲೆ. ಸೌದೆಯನ್ನೋ ಇಟ್ಟಿಗೆಯನ್ನೋ ತುಂಬಿ ಏರು ಹತ್ತುವ ಚಾಲಕ ಕೆಳಗಿನ ಗೇರಿನಲ್ಲೇ ಎಂಜಿನ್ನನ್ನು ಹಾಡಿಸುತ್ತ ಹೋಗಬೇಕು. ಮೇಲಿನ ಗೇರಿಗೆ ಬೇಗ ಹಾರಿದರೆ ಗಾಡಿ ಏದುಸಿರು ಬಿಡುತ್ತದೆ. ಇಳಿಜಾರಿನಲ್ಲಿ ಎಂಜಿನ್ ಹಿಡಿತ ಕಡಿಮೆ, ಭಾರವೆಲ್ಲ ಬ್ರೇಕಿನ ಮೇಲೆ. ಖಾಲಿ ಗಾಡಿಯ ಹಿಂಭಾಗ ಹಗುರವಾದ್ದರಿಂದ ಒದ್ದೆ ರಸ್ತೆಯಲ್ಲಿ ಚಕ್ರ ಸುಲಭವಾಗಿ ಜಾರುತ್ತದೆ. ಸಮತಟ್ಟಾದ ಹೆದ್ದಾರಿಯಲ್ಲಿ, ಮಧ್ಯಮ ಹೊರೆಯಲ್ಲಿ, ಮಾತ್ರ ಅದರ ನಯವಾದ ಓಟಕ್ಕೆ ಅಂದಿನ ಸಣ್ಣ ಪಿಕಪ್‌ಗಳಲ್ಲಿ ಸಾಟಿ ಕಡಿಮೆ. ಸಾಧಾರಣ ದರ್ಜೆಯ ಪೆಟ್ರೋಲಿನಲ್ಲೂ ಅದು ತಕರಾರಿಲ್ಲದೆ ಓಡುತ್ತದೆ.

ಉಳಿದವು

ಮೂಲ ರೂಪದಲ್ಲಿ ಉಳಿದ ಗಾಡಿಗಳು ವಿರಳ. ಕೆಲವು ತುಕ್ಕಿಗೆ ಬಲಿಯಾದವು. ಕೆಲವುಗಳ ಎಂಜಿನ್ನನ್ನು ಸ್ಪರ್ಧಾ ಕಾರುಗಳಿಗಾಗಿ ಕಿತ್ತುಕೊಂಡರು. ಇನ್ನು ಕೆಲವಕ್ಕೆ ಮುಂದಿನ ತಲೆಮಾರಿನ ಟರ್ಬೊ ರೋಟರಿ ಕೂರಿಸಿದರು. ಮೊದಲು ಕಿತ್ತೆಸೆಯುತ್ತಿದ್ದುದು ಬಿಸಿ ಉಗುಳುವ ಥರ್ಮಲ್ ರಿಯಾಕ್ಟರನ್ನು. ಹಾಗಾಗಿ ರಿಯಾಕ್ಟರ್, ಗಾಳಿಪಂಪು, ಕಾರ್ಬುರೇಟರ್ ಎಲ್ಲ ಸ್ವಸ್ಥಾನದಲ್ಲಿರುವ ಗಾಡಿಗೆ ಈಗ ಸಂಗ್ರಾಹಕರಲ್ಲಿ ವಿಶೇಷ ಬೆಲೆ.

ಇತಿಹಾಸದಲ್ಲಿ ಸ್ಥಾನ

ಕಾರು, ಪಿಕಪ್, ಬಸ್ಸು ಎಲ್ಲಕ್ಕೂ ಒಂದೇ ಎಂಜಿನ್ ಸಾಕು ಎಂದು ಟೊಯೊ ಕೊಗ್ಯೊ ನಂಬಿದ್ದ ಕಾಲದ ಕೂಸು ಈ ಪಿಕಪ್. 1974ರಲ್ಲಿ ಕಂಪನಿ ‘ಪಾರ್ಕ್‌ವೇ’ ಎಂಬ 26 ಆಸನದ ಸಣ್ಣ ಬಸ್ಸಿಗೂ 13ಬಿ ಎಂಜಿನ್ ಹಾಕಿತ್ತು. ಅದೇ ವರ್ಷ ಅಮೆರಿಕದ ಜನರಲ್ ಮೋಟರ್ಸ್ ತನ್ನ ರೋಟರಿ ಯೋಜನೆಯನ್ನು ಮುಂದಕ್ಕೆ ಹಾಕಿತು. ಅದು ಮತ್ತೆ ಮೇಲೇಳಲಿಲ್ಲ. 1978ರ ಆರ್‌ಎಕ್ಸ್–7ರಿಂದ ಮಜ್ದಾ ರೋಟರಿಯನ್ನು ಮುಖ್ಯವಾಗಿ ಹಗುರವಾದ ಸ್ಪೋರ್ಟ್ಸ್ ಕಾರಿಗೆ ಬಳಸುತ್ತ ಬಂತು. 1991ರಲ್ಲಿ ಫ್ರಾನ್ಸಿನ ಲ ಮಾನ್ ಓಟವನ್ನು ರೋಟರಿ ಕಾರಿನಿಂದಲೇ ಗೆದ್ದಿತು. 2023ರಲ್ಲಿ ಬಂದ ಎಂಎಕ್ಸ್–30 ಆರ್–ಇವಿ ಕಾರಿನಲ್ಲಿ ಒಂದೇ ರೋಟರಿನ ಎಂಜಿನ್ ವಿದ್ಯುತ್ ಉತ್ಪಾದಿಸುವುದಷ್ಟನ್ನೇ ಮಾಡುತ್ತದೆ. ಚಕ್ರ ತಿರುಗಿಸುವುದು ಮೋಟರು. ನಿಂತಲ್ಲಿಂದ ಭಾರ ಎಳೆಯುವ ಕೆಲಸ, 1974ರ ಪಿಕಪ್ಪಿನಲ್ಲಿ ರೋಟರಿ ತಿಣುಕಿದ ಕೆಲಸ, ಅಲ್ಲಿ ಅದರ ಪಾಲಿಗೆ ಉಳಿದಿಲ್ಲ.